ಪೋಷಕರ ನಂಬರು

ಸಮರ್ಥ ಇವತ್ತು ತರಗತಿಗೆ ಬಂದಿಲ್ಲ ಎಂಬ ಸಂದೇಶ ದಿನಾ ಬೆಳಿಗ್ಗೆ ಹನ್ನೊಂದೂಕಾಲಿಗೆ ಸಮರ್ಥನ ಫೋನಿಗೇ ಬರುತ್ತಿತ್ತು. ‘ಮಾನ್ಯ ಪೋಷಕರೇ’ ಎಂದು ಅದು ಶುರುವಾಗುತ್ತಿತ್ತು. ಎರಡು ವರ್ಷದ ಹಿಂದೆ ಇಂಜಿನಿಯರಿಂಗ್ ಕಾಲೇಜಿನ ಫಾರಂ ತುಂಬುವಾಗ ಪೋಷಕರ ನಂಬರಿನ ಜಾಗದಲ್ಲಿ ಮಗನ ನಂಬರು ಬರೆದವರು ಅವನ ಅಪ್ಪ ದೊರೆಸ್ವಾಮಿಯೇ. ಅವರು ಮನೆಯ ತಾರಸಿಯ ಮೇಲೆ ಪಿಯು ಹುಡುಗರಿಗೆ ಗಣಿತದ ಟ್ಯೂಷನ್ ಹೇಳುತ್ತಿದ್ದರು. ಪಾಠದ ಹೊತ್ತಿನಲ್ಲಿ ಫೋನು ಆಫ್ ಆಗಿರಬೇಕು, ತಮ್ಮದೂ ಸೇರಿ. ಕಾಲೇಜಿನವರು ಸಂಜೆ ಹೊತ್ತು ಫೋನು ಮಾಡಿದಾಗ ತಾವು ಸಿಗದೆ ಮುಖ್ಯವಾದದ್ದೇನಾದರೂ ತಪ್ಪಿಹೋದರೆ ಎಂದು ಅವರಿಗೆ ಯೋಚನೆಯಾಗಿತ್ತು. ಹೆಂಡತಿ ಕೋಕಿಲಾ, “ನನ್ ನಂಬರ್ ಬರೀರಿ” ಎಂದಿದ್ದಳು. “ನಿಂಗೆ ಆಫೀಸಲ್ಲಿ ನೂರೆಂಟು ತಲೆನೋವು. ಇವನ್ದೇ ಇರ್ಲಿ, ಜವಾಬ್ದಾರಿ ಇರೋ ಹುಡುಗ” ಎಂದು ಅವರು ಪೆನ್ನಿನ ಮುಚ್ಚಳ ಹಾಕಿದ್ದರು.

ಜವಾಬ್ದಾರಿ ಇರುವ ಹುಡುಗ ಫೆಬ್ರವರಿಯಿಂದ ಕಾಲೇಜಿನ ಮುಖ ನೋಡಿರಲಿಲ್ಲ.

ಯಾಕೆ ಎಂದು ಕೇಳಿದರೆ ಹೇಳುವುದಕ್ಕೆ ಅವನಲ್ಲಿ ಏನೂ ಇರಲಿಲ್ಲ. ಯಾರೂ ಬೈದಿರಲಿಲ್ಲ, ಯಾರೂ ಕಾಟ ಕೊಟ್ಟಿರಲಿಲ್ಲ. ಮೊದಲ ವರ್ಷ ಎರಡು ವಿಷಯ ಉಳಿದವು. ಮೂರನೇ ಸೆಮಿಸ್ಟರಿನಲ್ಲಿ ಇನ್ನೂ ಮೂರು. ಪುಸ್ತಕ ತೆರೆದು ಕೂತರೆ ಒಂದು ಗಂಟೆಯಾದ ಮೇಲೂ ಅದೇ ಪುಟ ಇರುತ್ತಿತ್ತು. ಒಂದು ಸೋಮವಾರ ಕಾಲೇಜಿನ ಸ್ಟಾಪು ಬಂದಾಗ ಅವನು ಬಸ್ಸಿನಿಂದ ಇಳಿಯಲಿಲ್ಲ. ಮಂಗಳವಾರ ಇಳಿಯದಿರುವುದು ಇನ್ನೂ ಸುಲಭವಾಯಿತು.

ಬೆಳಿಗ್ಗೆ ಏಳೂಮುಕ್ಕಾಲಿಗೆ ಹನುಮಂತನಗರದ ಮನೆಯಿಂದ ಬ್ಯಾಗು ಹಾಕಿಕೊಂಡು ಹೊರಡುತ್ತಿದ್ದ. ಬನಶಂಕರಿ ಬಸ್ ನಿಲ್ದಾಣದ ಮೇಲಿನ ಮಹಡಿಯಲ್ಲಿ ಯಾರೂ ಬಾರದ ಒಂದು ಕಟ್ಟೆಯಿತ್ತು. ಅಲ್ಲಿ ಕೂರುತ್ತಿದ್ದ. ಹತ್ತು ಗಂಟೆಗೆ ಜಯನಗರದ ಲೈಬ್ರರಿಗೆ ಹೋಗಿ ರಿಟೈರಾದವರ ನಡುವೆ ಪೇಪರು ಓದುತ್ತಿದ್ದ, ಶ್ರದ್ಧಾಂಜಲಿಯ ಪುಟವನ್ನೂ ಬಿಡದೆ. ಆಮೇಲೆ ಊಟದ ಡಬ್ಬಿ. ಅದರಲ್ಲಿ ಯಾವಾಗಲೂ ಇಬ್ಬರಿಗಾಗುವಷ್ಟು ಇರುತ್ತಿತ್ತು. “ಕಶ್ಯಪ್‌ಗೂ ಸೇರಿ ಹಾಕಿದೀನಿ, ಪಾಪ, ಪೀಜಿ ಊಟ ಅವನ್ದು” ಎಂದು ಕೋಕಿಲಾ ಚಪಾತಿ ಒತ್ತೊತ್ತಿ ತುಂಬುತ್ತಿದ್ದಳು. ಕಶ್ಯಪ್ ಅವನ ಕ್ಲಾಸಿನ ಗೆಳೆಯ. ಅವನ ಪಾಲಿನ ಚಪಾತಿಯನ್ನೂ ಸಮರ್ಥನೇ ತಿನ್ನುತ್ತಿದ್ದ. ನಾಲ್ಕು ತಿಂಗಳಲ್ಲಿ ಅವನಿಗೆ ಹೊಟ್ಟೆ ಬಂದಿತ್ತು.

“ಓದೋ ಮಕ್ಕಳಿಗೆ ಕೂತೂ ಕೂತೂ ಹೀಗೇ ಆಗೋದು” ಎಂದು ಅಜ್ಜಿ, ದೊರೆಸ್ವಾಮಿಯ ತಾಯಿ, ಸಮಾಧಾನ ಹೇಳಿದರು.

ಮನೆಯೆಲ್ಲ ಟ್ಯೂಷನ್ನಿನ ಗಡಿಯಾರಕ್ಕೆ ಕಟ್ಟಿಕೊಂಡಿತ್ತು. ಸಂಜೆ ಐದರಿಂದ ಎಂಟರವರೆಗೆ ಕುಕ್ಕರ್ ಕೂಗಬಾರದು, ಮಿಕ್ಸಿ ತಿರುಗಬಾರದು, ಟಿವಿ ಹಾಕಬಾರದು. ಅಜ್ಜಿ ನಾಲ್ಕೂವರೆಯೊಳಗೆ ಬೇಳೆ ಬೇಯಿಸಿಟ್ಟುಬಿಡುತ್ತಿದ್ದರು. ಚಾಮರಾಜಪೇಟೆಯ ಸಹಕಾರ ಸಂಘದಲ್ಲಿ ಗುಮಾಸ್ತೆಯಾಗಿದ್ದ ಕೋಕಿಲಾ ಆರಕ್ಕೆ ಬಂದು ಸದ್ದಿಲ್ಲದೆ ಹಾಗಲಕಾಯಿ ಹೆಚ್ಚುತ್ತಾ ಕೂರುತ್ತಿದ್ದಳು. ಮೇಲಿನಿಂದ ದೊರೆಸ್ವಾಮಿಯ ದನಿ ಮೆಟ್ಟಿಲಿಳಿದು ಬರುತ್ತಿತ್ತು: “ನನ್ ಮಗನಿಗೂ ಇದೇ ಲೆಕ್ಕ ಮೂರು ಸಲ ತಪ್ಪಿತ್ತು. ನಾಲ್ಕನೇ ಸಲ? ಈಗ ಇಂಜಿನಿಯರಿಂಗ್ ಸೆಕೆಂಡ್ ಇಯರ್!”

ಕೆಳಗೆ ಕೋಣೆಯಲ್ಲಿ ಆ ಮಗ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ.

ಮೇ ತಿಂಗಳ ನಡುವೆ ಕಶ್ಯಪ್ ಫೋನು ಮಾಡಿದ.

“ಮಗಾ, ಅಟೆಂಡೆನ್ಸ್ ಶಾರ್ಟೇಜ್ ಲಿಸ್ಟ್ ಹಾಕಿದಾರೆ. ನಿಂದು ಎಷ್ಟು ಗೊತ್ತಾ? ನೂರಕ್ಕೆ ಒಂಬತ್ತು.”

“ಒಂಬತ್ತಾ? ಅಷ್ಟು ಹೇಗೆ ಬಂತು?”

“ನಾನೇ ಎರಡು ಸಲ ನಿನ್ ಪರವಾಗಿ ಯೆಸ್ ಅಂದಿದೀನಿ. ನಗಬೇಡ ಗುರು. ಎಕ್ಸಾಮ್‌ಗೆ ಬಿಡಲ್ಲ ಅಂತ ಬರೆದಿದಾರೆ. ಇಯರ್ ಬ್ಯಾಕ್. ಮನೇಲಿ ಹೇಳಿದ್ಯಾ?”

“ಹೇಳ್ತೀನಿ.”

“ಫೆಬ್ರವರಿಯಿಂದ ಹೇಳ್ತಾನೇ ಇದೀಯ. ನೋಡು, ಆಗಲ್ಲ ಅಂದ್ರೆ ಬಿಟ್ಬಿಡು. ಬಿ.ಎ.ನೋ ಬಿ.ಕಾಂ.ನೋ ಸೇರ್ಕೋ. ಈ ಅರ್ಧಂಬರ್ಧ ಯಾಕೆ? ಮತ್ತೆ ಇನ್ನೊಂದು ವಿಷಯ...”

“ಏನು?”

“ನಿಮ್ಮಮ್ಮ ಮೊನ್ನೆ ಗಾಂಧಿಬಜಾರಲ್ಲಿ ಸಿಕ್ಕಿದ್ರು. ‘ಚಪಾತಿ ಸಾಕಾಗತ್ತೇನಪ್ಪಾ’ ಅಂದ್ರು. ನಾನು ‘ಸಾಕು ಆಂಟಿ’ ಅಂದೆ. ನನ್ನನ್ನೂ ಸುಳ್ಳುಗಾರ ಮಾಡ್ಬಿಟ್ಯಲ್ಲೋ.”

ಎರಡು ದಿನ ಕಟ್ಟೆಯ ಮೇಲೆ ಕೂತು, ಮೂರನೆಯ ದಿನ ಸಮರ್ಥ ಬಸವನಗುಡಿಯ ಒಂದು ಡಿಗ್ರಿ ಕಾಲೇಜಿಗೆ ಬಿ.ಎ. ಫಾರಂ ತರಲು ಹೋದ. ಸಾಲಿನಲ್ಲಿ ಅವನ ಮುಂದೆಯೂ ಹಿಂದೆಯೂ ಪಿಯು ಮುಗಿಸಿದ ಮಕ್ಕಳು. ಇಬ್ಬರು ಅವನ ಅಪ್ಪನ ಟ್ಯೂಷನ್ನಿನವರೇ. “ಅಣ್ಣಾ, ನೀವಿಲ್ಲಿ?” ಎಂದರು. ಅವನು ಫೋನು ಕಿವಿಗಿಟ್ಟುಕೊಂಡು ಮಾತಾಡುವ ಹಾಗೆ ನಟಿಸಿದ. ಕಿಟಕಿಯ ಹಿಂದೆ ಕೂತಿದ್ದ ಗುಮಾಸ್ತ ದೇವಯ್ಯ ಮಾತ್ರ ಬಿಡಲಿಲ್ಲ. ಅವರ ಮಗನೂ ಹಿಂದೆ ಅದೇ ತಾರಸಿಯಲ್ಲಿ ಕಲಿತವನು.

“ಏನಪ್ಪಾ, ದೊರೆಸ್ವಾಮಿ ಮೇಷ್ಟ್ರ ಮಗ ಅಲ್ವಾ ನೀನು? ಇಂಜಿನಿಯರಿಂಗ್ ಮಾಡ್ತಿದೀಯಲ್ಲ. ಬಿ.ಎ. ಫಾರಂ ಯಾರಿಗೆ?”

ಬೇರೆ ಏನು ಬೇಕಾದರೂ ಹೇಳಬಹುದಿತ್ತು. ನಾಲಗೆಗೆ ಸಿಕ್ಕಿದ್ದು ಒಂದೇ.

“ತಂಗಿಗೆ ಸರ್.”

“ಮೈತ್ರೇಯಿಗಾ? ಚೆನ್ನಾಗಿ ಓದ್ತಾಳೆ ಅಂತಿದ್ರು ಮೇಷ್ಟ್ರು.” ದೇವಯ್ಯ ಫಾರಂ ಕೊಟ್ಟರು. “ಹೋಗ್ಲಿ ಬಿಡು, ಎಲ್ರೂ ಇಂಜಿನಿಯರೇ ಆದ್ರೆ ನಮ್ ಕಾಲೇಜು ಮುಚ್ಚಬೇಕಾಗತ್ತೆ.”

ಫಾರಮ್ಮನ್ನು ಅವನು ಎಲೆಕ್ಟ್ರಾನಿಕ್ಸ್ ಪುಸ್ತಕದೊಳಗೆ ಇಟ್ಟ. ಆ ಪುಸ್ತಕವನ್ನು ಯಾರೂ ತೆರೆಯುವುದಿಲ್ಲ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಆ ಶುಕ್ರವಾರ ಎಂಟೂಕಾಲಿಗೆ ಎಲ್ಲರೂ ಊಟಕ್ಕೆ ಕೂತಿದ್ದರು. ಮೈತ್ರೇಯಿ ಸಿಇಟಿ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದಳು. ಅವಳು ಬಡಿಸುತ್ತಿದ್ದಾಗ ದೊರೆಸ್ವಾಮಿ ತಟ್ಟೆಗೆ ಕೈ ಅಡ್ಡ ಹಿಡಿದರು.

“ಬೇಡ. ಮೊದಲು ಹೇಳು. ಬಿ.ಎ. ಮಾಡ್ಬೇಕು ಅಂತ ಯಾವಾಗ ತೀರ್ಮಾನ ಮಾಡ್ದೆ?”

ಮೈತ್ರೇಯಿ ಸೌಟು ಹಿಡಿದು ನಿಂತಳು. “ಯಾರು?”

“ದೇವಯ್ಯ ತರಕಾರಿ ಅಂಗಡೀಲಿ ಸಿಕ್ಕಿದ್ದ. ‘ಮಗಳಿಗೆ ಬಿ.ಎ.ನೇ ಇಷ್ಟವಾ ಮೇಷ್ಟ್ರೇ’ ಅಂತ ಕೇಳ್ದ. ಮೂಲಂಗಿ ಕೈಯಲ್ಲಿ ಹಿಡ್ಕೊಂಡು ಪೆದ್ದನ ಥರ ನಿಂತಿದ್ದೆ. ಸಿಇಟಿ ಹಾಳ್ ಮಾಡ್ಕೊಂಡು ಬಂದಿದೀಯಾ ಹೇಗೆ?”

“ಅಪ್ಪಾ, ನಂಗೆ ಆ ಕಾಲೇಜು ಎಲ್ಲಿದೆ ಅಂತಾನೂ ಗೊತ್ತಿಲ್ಲ!”

“ಅಣ್ಣನ ಕೈಲಿ ಫಾರಂ ತರ್ಸಿದೀಯಲ್ಲ. ಏನೋ ಸಮರ್ಥ, ತಂದ್ಯೋ ಇಲ್ವೋ?”

ನಾಲ್ಕು ಜನರೂ ಅವನ ಕಡೆ ನೋಡಿದರು. ಅವನು ಅನ್ನವನ್ನು ಸಾರಿನಲ್ಲಿ ಕಲಸಿದ. ಕಲಸಿದ್ದನ್ನೇ ಮತ್ತೆ ಕಲಸಿದ.

“ತಂದೆ” ಎಂದ.

“ನೋಡು! ಅವನನ್ನೂ ಕಳ್ಳತನಕ್ಕೆ ಇಳಿಸಿದೀಯ. ಆ ನಿನ್ ಗೆಳತಿ ದೀಪ್ತಿ ಜೊತೆ ತಿರುಗಿದ್ದರ ಫಲ ಇದು. ನಾಳೆಯಿಂದ ಅವಳ ಮನೆಗೆ ಹೋಗೋದು ಬಂದ್. ಫೋನು ಅಮ್ಮನ ಹತ್ರ ಕೊಡು.”

“ಅಣ್ಣಾ, ನಾನು ಹೇಳಿದ್ನಾ ನಿಂಗೆ?” ಮೈತ್ರೇಯಿಯ ದನಿ ಕೀರಲಾಯಿತು. “ಬಾಯಿ ಬಿಡೋ!”

“ಅವನ ಮೇಲೆ ಯಾಕೆ ಕೂಗ್ತೀಯ?” ಎಂದಳು ಕೋಕಿಲಾ. “ಊಟ ಮಾಡ್ಲಿ ಬಿಡು, ಬೆಳಿಗ್ಗೆಯಿಂದ ಕಾಲೇಜಲ್ಲಿ ದಣಿದಿದಾನೆ.”

ಮೈತ್ರೇಯಿ ಸೌಟನ್ನು ಪಾತ್ರೆಯೊಳಗೆ ಎಸೆದು ಕೋಣೆಗೆ ಹೋದಳು. ಅಜ್ಜಿ ನಿಟ್ಟುಸಿರು ಬಿಟ್ಟು ಸಮರ್ಥನಿಗೆ ಇನ್ನೊಂದು ಹಿಡಿ ಅನ್ನ ಬಡಿಸಿದರು. ಅವನು ಬೇಡ ಎನ್ನಲಿಲ್ಲ. ಅದನ್ನೂ ಮುಗಿಸಿ, ತಟ್ಟೆ ತೊಳೆದಿಟ್ಟ.

ಮಾರನೇ ದಿನ ಬಟ್ಟೆ ಒಣಗಿಸುವಾಗ ಮೈತ್ರೇಯಿ ಅವನನ್ನು ಹಿಡಿದಳು. ಅಷ್ಟರಲ್ಲಿ ಅವನ ಪುಸ್ತಕಗಳನ್ನು ಜಾಲಾಡಿ ತೆಗೆದ ಫಾರಂ ಅವಳ ಕೈಯಲ್ಲಿತ್ತು.

“ಹೆಸರು ಬರೆದಿದೀಯ. ಸಮರ್ಥ ಡಿ. ನಾನು ಯಾವಾಗಿಂದ ಸಮರ್ಥ?”

“ಮೆಲ್ಲಗೆ ಮಾತಾಡು.”

“ಯಾಕೆ ಮೆಲ್ಲಗೆ? ನಂಗೆ ಬೈಗುಳ ಮೆಲ್ಲಗೆ ಬಿತ್ತಾ? ಎಷ್ಟು ದಿನದಿಂದ ಹೋಗ್ತಿಲ್ಲ ನೀನು?”

ಅವನು ಹೇಳಿದ. ಅವಳು ಒದ್ದೆ ಪಂಚೆಯನ್ನು ಹಗ್ಗದ ಮೇಲೆ ಹಾಕಿ ಕ್ಲಿಪ್ಪು ಸಿಕ್ಕಿಸಿದಳು.

“ಎರಡು ವಾರ ಟೈಮ್ ಕೊಡು ಮೈತ್ರಿ” ಎಂದ. “ಟ್ಯೂಷನ್ನಿನ ಪೋಷಕರ ಸಭೆ ಮುಗೀಲಿ. ಅಪ್ಪಂಗೆ ಅವತ್ತು ಮುಖ್ಯ.”

“ಅಲ್ಲೀತನಕ ನಾನು ಕಳ್ಳಿ. ಸರಿ. ಚೆನ್ನಾಗಿದೆ.” ಅವಳು ಖಾಲಿ ಬಕೆಟ್ ಎತ್ತಿಕೊಂಡಳು. “ಇದನ್ನ ನೀನೇ ಕೇಳ್ಕೊಂಡಿದ್ದು, ನೆನಪಿಟ್ಕೋ.”

ಜೂನ್ ಮೊದಲ ಭಾನುವಾರ ಹೊಸ ಮಕ್ಕಳ ತಂದೆತಾಯಿಯರನ್ನು ಕರೆದು ತಾರಸಿಯಲ್ಲಿ ಖಾರಾಬಾತ್, ಕೇಸರಿಬಾತ್ ಕೊಡುವುದು ದೊರೆಸ್ವಾಮಿ ಹನ್ನೆರಡು ವರ್ಷದಿಂದ ನಡೆಸಿಕೊಂಡು ಬಂದ ಪದ್ಧತಿ. ಹೊರಗಿನ ಅಡುಗೆ ಇಲ್ಲ. ಅಜ್ಜಿಯೂ ಕೋಕಿಲಾಳೂ ಬೆಳಿಗ್ಗೆ ನಾಲ್ಕಕ್ಕೇ ಎದ್ದು ರವೆ ಹುರಿಯುತ್ತಿದ್ದರು. ಪ್ರತಿವರ್ಷ ಒಬ್ಬ ಹಳೆಯ ವಿದ್ಯಾರ್ಥಿ ಎದ್ದು ನಾಲ್ಕು ಮಾತಾಡುತ್ತಿದ್ದ. ಈ ವರ್ಷ ಬರಬೇಕಾದವನು ಬರಲಿಲ್ಲ.

ದೊರೆಸ್ವಾಮಿ ತಾರಸಿಯ ತಗಡಿನ ಶೀಟಿನ ಕೆಳಗೆ ನಿಂತು ಬೆವರು ಒರೆಸಿಕೊಂಡರು. “ನಾನೇ ಹೇಳಿದ್ರೆ ವ್ಯಾಪಾರ ಅಂದ್ಕೋತೀರ. ನನ್ ಮಗನೇ ಇದಾನೆ. ಇವನನ್ನೇ ಕೇಳಿ. ಬಾರೋ.”

ಸಮರ್ಥ ಕೇಸರಿಬಾತಿನ ಪಾತ್ರೆ ಕೆಳಗಿಟ್ಟು ಹೋಗಿ ನಿಂತ. ನಲವತ್ತು ಜನ ಕುರ್ಚಿಯಲ್ಲಿ, ಇಪ್ಪತ್ತು ಜನ ಜಮಖಾನದ ಮೇಲೆ. ಬಾಯಿ ತೆರೆದರೆ ಮಾತು ಬರುವುದಿಲ್ಲ ಎಂದುಕೊಂಡಿದ್ದ. ಬಂತು. ಎಷ್ಟು ಚೆನ್ನಾಗಿ ಬಂತೆಂದರೆ ಅವನಿಗೇ ಅಸಹ್ಯವಾಯಿತು.

“ಮೊದಮೊದಲು ಕಷ್ಟ ಆಗತ್ತೆ. ಬಿಟ್ಟು ಓಡೋಣ ಅನ್ಸತ್ತೆ. ಅಪ್ಪ ಹೇಳಿಕೊಟ್ಟ ಹಾಗೆ ದಿನಾ ಎರಡು ಗಂಟೆ ಕೂತೆ. ಈಗ ಇಂಜಿನಿಯರಿಂಗ್ ಕ್ಲಾಸಲ್ಲಿ ಕೂತ್ರೆ ಎಲ್ಲಾ ಮುಂಚೆನೇ ಗೊತ್ತಿರೋ ಹಾಗಿರತ್ತೆ.”

ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಎದ್ದು ನಿಂತರು. ಬಳೇಪೇಟೆಯಲ್ಲಿ ಬಳೆಯ ಸಗಟು ಅಂಗಡಿ ಇಟ್ಟುಕೊಂಡಿದ್ದ ಮುನಿಲಕ್ಷ್ಮಮ್ಮ. ಪಕ್ಕದಲ್ಲಿ ಆಗಷ್ಟೇ ಎಸೆಸೆಲ್ಸಿ ಪಾಸಾದ ಮಗಳು ರಂಜಿನಿ ತಲೆ ತಗ್ಗಿಸಿ ಕೂತಿದ್ದಳು.

“ಅಪ್ಪಾ, ನನ್ ಮಗಳು ಲೆಕ್ಕದಾಗೆ ಸುಮಾರು. ಕಾಮರ್ಸ್ ತಗೋತೀನಿ ಅಂತಾಳೆ. ನಾನು ಸೈನ್ಸೇ ಆಗ್ಬೇಕು ಅಂತೀನಿ. ಮೇಷ್ಟ್ರು ಹೇಳೋದು ಇರ್ಲಿ, ನೀನು ಓದ್ತಿರೋನು. ಸುಮಾರು ಇರೋರಿಗೂ ಆಗ್ತದಾ?”

ಮೆಟ್ಟಿಲ ಬಾಗಿಲಲ್ಲಿ ಮೈತ್ರೇಯಿ ನೀರಿನ ಜಗ್ಗು ಹಿಡಿದು ನಿಂತಿದ್ದಳು. ಸಮರ್ಥ ಅವಳ ಕಡೆ ನೋಡಲಿಲ್ಲ.

“ಆಗತ್ತೆ ಆಂಟಿ. ಖಂಡಿತ ಆಗತ್ತೆ.”

“ಕೇಳಿಸ್ಕಂಡ್ಯೇನೇ?” ಎಂದು ಮುನಿಲಕ್ಷ್ಮಮ್ಮ ಮಗಳ ಭುಜ ಅಲುಗಿಸಿದರು. ರಂಜಿನಿ ಒಂದು ಸಲ ತಲೆಯೆತ್ತಿ ಅವನನ್ನು ನೋಡಿದಳು. ಮತ್ತೆ ತಟ್ಟೆ ನೋಡುತ್ತಾ ಕೂತಳು.

ಜನ ಹೋದ ಮೇಲೆ ದೊರೆಸ್ವಾಮಿ ಮಗನ ಬೆನ್ನು ತಟ್ಟಿದರು. ಅವರು ಹಾಗೆಲ್ಲ ಮುಟ್ಟುವವರಲ್ಲ. “ಚೆನ್ನಾಗಿ ಮಾತಾಡ್ದೆ ಕಣೋ” ಎಂದರು. ಮೈತ್ರೇಯಿ ಎಂಜಲು ತಟ್ಟೆಗಳನ್ನು ಒಂದರ ಮೇಲೊಂದು ಬಡಿದು ಜೋಡಿಸುತ್ತಿದ್ದಳು.

ಸೋಮವಾರ ಬೆಳಿಗ್ಗೆ ಕೋಕಿಲಾ ಡಬ್ಬಿಗೆ ಚಿತ್ರಾನ್ನ ತುಂಬುತ್ತಿದ್ದಳು. ಮೈತ್ರೇಯಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು.

“ಅವನಿಗೆ ಡಬ್ಬಿ ಯಾಕಮ್ಮಾ?”

“ಏನೇ ಹಾಗಂದ್ರೆ? ಉಪವಾಸ ಇರ್ಬೇಕಾ?”

“ಅವನ್ನೇ ಕೇಳು. ಸಭೆ ಮುಗೀತಲ್ಲ ಅಣ್ಣಾ? ನೀನ್ ಹೇಳ್ತೀಯಾ, ನಾನ್ ಹೇಳ್ಲಾ?”

ಸಮರ್ಥ ಶೂಗೆ ಲೇಸು ಕಟ್ಟುತ್ತಿದ್ದ. ಕಟ್ಟಿದ್ದನ್ನು ಬಿಚ್ಚಿದ.

“ಅಮ್ಮಾ, ನಾನು ಕಾಲೇಜಿಗೆ ಹೋಗ್ತಿಲ್ಲ.”

“ಹುಷಾರಿಲ್ವಾ?”

“ಇವತ್ತಲ್ಲ. ಫೆಬ್ರವರಿಯಿಂದ. ಎಕ್ಸಾಮ್‌ಗೆ ಬಿಡಲ್ಲ ಅಂದಿದಾರೆ. ಬಿ.ಎ. ಫಾರಂ ನಂದು. ಮೈತ್ರಿದಲ್ಲ.”

ಕೋಕಿಲಾ ಚಮಚ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು. ಮೊದಲು ಕೇಳಿದ್ದು ಅವನು ಎಣಿಸಿರದ ಪ್ರಶ್ನೆ.

“ಮತ್ತೆ ಈ ಡಬ್ಬಿ? ಎಲ್ಲಿ ಕೂತ್ಕೊಂಡು ತಿಂತಿದ್ದೆ?”

“ಬಸ್ ಸ್ಟ್ಯಾಂಡಲ್ಲಿ.”

“ಕಶ್ಯಪ್?”

“ಅವನ ಪಾಲೂ ನಾನೇ ತಿಂತಿದ್ದೆ.”

ಅವಳು ಡಬ್ಬಿಯ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. “ಬೆಳಿಗ್ಗೆ ಐದಕ್ಕೆ ಏಳ್ತಿದ್ದೆನಲ್ಲೋ ನಾನು” ಎಂದು ಮಾತ್ರ ಹೇಳಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, “ರೀ, ಇಲ್ಲಿ ಬನ್ನಿ” ಎಂದು ಕರೆದಳು.

ದೊರೆಸ್ವಾಮಿ ಅರ್ಧ ಗಡ್ಡ ಬೋಳಿಸಿಕೊಂಡು ಬಂದರು. ಪೂರ್ತಿ ಕೇಳಿದರು. ಸಿಟ್ಟು ಮೊದಲು ಕಾಲೇಜಿನ ಮೇಲೆ ಹೋಯಿತು.

“ನಾಲ್ಕು ತಿಂಗಳು! ಒಂದು ಫೋನ್ ಮಾಡಕ್ಕಾಗ್ಲಿಲ್ವಾ ಅವರಿಗೆ? ಏನ್ ಕಾಲೇಜು ನಡೆಸ್ತಿದಾರೆ? ಈಗಲೇ ಹೋಗಿ ಕೇಳ್ತೀನಿ.”

“ಮಾಡಿದಾರೆ ಅಪ್ಪಾ. ದಿನಾ ಮೆಸೇಜೂ ಬರತ್ತೆ. ನಂಗೆ.”

“ನಿಂಗ್ಯಾಕೆ?”

“ಪೋಷಕರ ನಂಬರ್ ಅಂತ ನೀವು ನಂದೇ ಬರೆದಿದ್ರಿ.”

ದೊರೆಸ್ವಾಮಿಯ ಕೆನ್ನೆಯ ಮೇಲೆ ಸೋಪಿನ ನೊರೆ ಒಣಗುತ್ತಿತ್ತು. ಅವರು ಗೋಡೆ ಹಿಡಿದು ಊಟದ ಬೆಂಚಿನ ಮೇಲೆ ಕೂತರು.

“ನಿನ್ನೆ?” ಎಂದರು. “ನಿನ್ನೆ ಅಷ್ಟು ಜನರ ಮುಂದೆ?”

ಸಮರ್ಥ ಬಿಚ್ಚಿದ ಲೇಸನ್ನು ಶೂವಿನೊಳಗೆ ತುರುಕಿದ.

“ಯಾರ್ಯಾರಿಗೆ ಗೊತ್ತು?”

“ಮೈತ್ರಿಗೆ. ಕಶ್ಯಪ್‌ಗೆ. ಅಷ್ಟೇ.”

“ಅಷ್ಟೇ ಇರ್ಲಿ” ಎಂದು ಎದ್ದರು. ಬಚ್ಚಲುಮನೆಯ ಬಾಗಿಲಲ್ಲಿ ತಿರುಗಿ, “ಹೋಗ್ಲಿ, ನಿಂಗೆ ಏನ್ ಬೇಕು? ಅದನ್ನಾದ್ರೂ ಹೇಳು. ಸಂಗೀತವಾ? ಕ್ರಿಕೆಟ್ಟಾ? ಏನೋ ಒಂದು ಹುಚ್ಚು ಇರ್ಬೇಕಲ್ಲ, ಇದನ್ನ ಬಿಡಕ್ಕೆ?” ಎಂದರು.

ಅದೊಂದು ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಸಮರ್ಥನಿಗೂ ಅನ್ನಿಸಿತ್ತು. “ಏನೂ ಇಲ್ಲ ಅಪ್ಪಾ” ಎಂದ. ಮನೆಯವರಿಗೆ ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾದದ್ದು ಆ ಉತ್ತರಕ್ಕೇ ಇರಬೇಕು.

ಅಂದು ಸಂಜೆ ದೊರೆಸ್ವಾಮಿ ಗಾಂಧಿಬಜಾರಿನ ಅಂಗಡಿಯಿಂದ ಒಂದು ಪೊಟ್ಟಣ ನಿಪ್ಪಟ್ಟು ತಂದು ಮೈತ್ರೇಯಿಯ ಮುಂದಿಟ್ಟರು.

“ಇದೇನು?”

“ನಿಂಗೆ ಇಷ್ಟ ಅಲ್ವಾ?”

“ಸಾರಿ ಅಂತ ಬಾಯಲ್ಲಿ ಹೇಳಿ ಅಪ್ಪಾ. ನಿಪ್ಪಟ್ಟು ಆಮೇಲೆ ತಿಂತೀನಿ.”

“ತಿನ್ನೇ ಸುಮ್ಮನೆ, ಮೆತ್ತಗಾಗತ್ತೆ” ಎಂದರು ಅಜ್ಜಿ. ದೊರೆಸ್ವಾಮಿ ಹೇಳಲಿಲ್ಲ. ನಿಪ್ಪಟ್ಟು ಮೂರು ದಿನ ಮೇಜಿನ ಮೇಲೇ ಇತ್ತು. ನಾಲ್ಕನೆಯ ದಿನ ಅವರು ಟ್ಯೂಷನ್ನಿಗೆ ಮೆಟ್ಟಿಲು ಹತ್ತುತ್ತಾ, ತಿರುಗಿ ನೋಡದೆ, “ನಂದು ತಪ್ಪಾಯ್ತು ಮೈತ್ರಿ” ಎಂದರು. ಅಷ್ಟರಲ್ಲಿ ಅದು ನಿಜವಾಗಿಯೂ ಮೆತ್ತಗಾಗಿತ್ತು. ಅವಳು ತಿಂದಳು.

ಜೂನ್ ಪೂರ್ತಿ ಮನೆಯಲ್ಲಿ ಅದೇ ಮಾತು ಬೇರೆಬೇರೆ ಹೊತ್ತಿನಲ್ಲಿ ನಡೆಯಿತು. ಒಂದು ವರ್ಷ ಹೋದರೆ ಹೋಗಲಿ, ಮತ್ತೆ ಅದೇ ಕಾಲೇಜಿಗೆ ಹೋಗಲಿ ಎಂದು ದೊರೆಸ್ವಾಮಿ. ಡಾಕ್ಟರಿಗೆ ತೋರಿಸೋಣ ಎಂದು ಕೋಕಿಲಾ. ತೋರಿಸಿದರು. ಡಾಕ್ಟರು ಒಳ್ಳೆಯವರು, ಮುಕ್ಕಾಲು ಗಂಟೆ ಮಾತಾಡಿಸಿದರು, ಹದಿನೈದು ದಿನಕ್ಕೊಮ್ಮೆ ಬರಲು ಹೇಳಿದರು. ಮನೆಗೆ ಬರುವಾಗ ಆಟೋದಲ್ಲಿ ಕೋಕಿಲಾ, “ಬಿ.ಎ.ನೇ ಯಾಕೆ?” ಎಂದು ಕೇಳಿದಳು.

“ಲೈಬ್ರರೀಲಿ ಪೇಪರ್ ಓದ್ತಿದ್ದೆ. ಆಮೇಲೆ ಅಲ್ಲಿರೋ ಹಿಸ್ಟರಿ ಪುಸ್ತಕ ಒಂದೆರಡು. ಪುಟ ಮುಂದೆ ಹೋಗ್ತಿತ್ತು.”

“ಅಂದ್ರೆ ಇಷ್ಟ?”

“ಇಷ್ಟ ಅಂತ ಅಲ್ಲಮ್ಮಾ. ಪುಟ ಮುಂದೆ ಹೋಗ್ತಿತ್ತು, ಅಷ್ಟೇ.”

“ಸರಿ. ಅಷ್ಟಾದ್ರೂ ಇದೆಯಲ್ಲ” ಎಂದಳು. ಮಾರನೇ ದಿನ ಗಂಡನಿಗೆ ಅವಳೇ ಹೇಳಿದಳು, ಅವರು ಬೇಡ ಎಂದರೂ ಫಾರಮ್ಮಿನಲ್ಲಿ ಪೋಷಕರ ಜಾಗದಲ್ಲಿ ಅವಳೇ ಸಹಿ ಹಾಕಿದಳು.

ಜುಲೈಯಲ್ಲಿ ಸಮರ್ಥ ಮತ್ತೆ ದೇವಯ್ಯನವರ ಕಿಟಕಿಯ ಮುಂದೆ ನಿಂತ.

“ತಂಗಿ ಬಂದಿಲ್ವಾ? ಅವಳೇ ಸಹಿ ಹಾಕ್ಬೇಕಪ್ಪಾ.”

“ನಂಗೇ ಸರ್, ಸೀಟು.”

ದೇವಯ್ಯ ಕನ್ನಡಕದ ಮೇಲಿನಿಂದ ನೋಡಿದರು. ಏನೋ ತಮಾಷೆ ಮಾಡಬೇಕೆಂದು ಬಾಯಿ ತೆರೆದವರು ಸುಮ್ಮನಾಗಿ, ಠಸ್ಸೆ ಒತ್ತಿದರು. ಆ ಸುಮ್ಮನಿರುವಿಕೆ ತಮಾಷೆಗಿಂತ ಕೆಟ್ಟದಾಗಿತ್ತು.

ಮೈತ್ರೇಯಿಗೂ ಇಂಜಿನಿಯರಿಂಗ್ ಸೀಟು ಸಿಕ್ಕಿತು, ಅಣ್ಣ ಬಿಟ್ಟ ಎಲೆಕ್ಟ್ರಾನಿಕ್ಸ್‌ನಲ್ಲೇ. “ನಿನ್ ಹಳೇ ಪುಸ್ತಕ ಕೊಡು” ಎಂದಳು. “ಹೊಸದರ ಥರಾನೇ ಇದಾವಲ್ಲ.”

“ಇಬ್ರೂ ಒಂದೇ ಸಲಕ್ಕೆ ಮೊದಲನೇ ವರ್ಷ. ಅವಳಿಜವಳಿ ಹಾಗೆ” ಎಂದರು ಅಜ್ಜಿ. ಅವರು ಕುಹಕವಾಡಿರಲಿಲ್ಲ, ಲೆಕ್ಕ ಹೇಳಿದ್ದರು. ಸಮರ್ಥ ನಕ್ಕ. ನಗುವುದು ಬಿಟ್ಟು ಬೇರೆ ಏನೂ ಮಾಡಲಿಕ್ಕಿರಲಿಲ್ಲ.

ತಾರಸಿಯಲ್ಲಿ ಮಾತ್ರ ಏನೂ ಬದಲಾಗಿರಲಿಲ್ಲ. ಯಾರಾದರೂ ಮಗನ ಬಗ್ಗೆ ಕೇಳಿದರೆ ದೊರೆಸ್ವಾಮಿ, “ಓದ್ತಿದಾನೆ, ಓದ್ತಿದಾನೆ” ಎಂದು ಬೋರ್ಡಿಗೆ ತಿರುಗುತ್ತಿದ್ದರು. ಸಮರ್ಥನ ತರಗತಿ ಒಂಬತ್ತೂವರೆಗೆ. ಆದರೂ, “ಏಳೂವರೆಗೇ ಹೊರಟ್ಬಿಡು, ಆಮೇಲೆ ರಸ್ತೇಲಿ ನಮ್ ಹುಡುಗರು ಓಡಾಡ್ತಿರ್ತಾರೆ” ಎಂದಿದ್ದರು. ಅವನು ಹೊರಡುತ್ತಿದ್ದ. ಕ್ಲಾಸಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ. ಹದಿನೆಂಟರ ಹುಡುಗರು ಅವನನ್ನು ‘ಅಣ್ಣ’ ಎನ್ನುತ್ತಿದ್ದರು. ಕೆಲವು ದಿನ ಗೇಟಿನ ತನಕ ಹೋಗಿ ಕಾಲು ನಿಲ್ಲುತ್ತಿತ್ತು. ಒಂದು ದಿನ ವಾಪಸ್ಸು ಬಂದೂಬಿಟ್ಟಿದ್ದ. ಸಂಜೆ ಅದನ್ನು ಕೋಕಿಲಾಳಿಗೆ ಹೇಳಿದ. “ನಾಳೆ ಹೋಗು” ಎಂದಳು ಅವಳು. ಹೋದ.

ಆಗಸ್ಟ್ ಕೊನೆಯ ವಾರ, ಐದಕ್ಕೆ ಹತ್ತು ನಿಮಿಷವಿರುವಾಗ, ಮುನಿಲಕ್ಷ್ಮಮ್ಮ ಮಗಳ ಕೈ ಹಿಡಿದು ಎಳೆದುಕೊಂಡೇ ಮನೆಯೊಳಗೆ ಬಂದರು. ರಂಜಿನಿ ಅತ್ತು ಅತ್ತು ಮೂಗು ಕೆಂಪಾಗಿತ್ತು.

“ಮೇಷ್ಟ್ರೇ, ಎಂಟು ದಿನ ಆಯ್ತು, ಕಾಲೇಜಿಗೂ ಹೋಗಿಲ್ಲ, ನಿಮ್ಮ ಪಾಠಕ್ಕೂ ಬಂದಿಲ್ಲ. ಚೀಟಿ ಹಿಡ್ಕಂಡು ಕೂತವಳೆ. ಕಾಮರ್ಸ್‌ಗೆ ಬದಲಾಯಿಸ್ಕೊಳ್ಳಾಕೆ ಶನಿವಾರದ ತನಕ ಟೈಮ್ ಐತಂತೆ, ನಾನು ಸಹಿ ಹಾಕ್ಬೇಕಂತೆ. ಹಾಕಲ್ಲ ಅಂದೆ. ಅಂಗಡಿ ಬಿಟ್ಟು ಬಂದಿವ್ನಿ. ನಿಮ್ ಮಗನ್ನ ಕರೀರಿ. ಅವತ್ತು ಹೇಳಿದ್ನಲ್ಲ, ಮೊದ್ಲು ಕಷ್ಟ, ಆಮೇಲೆ ಸರಿಹೋಗ್ತದೆ ಅಂತ. ಅದನ್ನೇ ಇನ್ನೊಂದ್ ಕಿತ ಇವಳ ಮುಂದೆ ಹೇಳ್ಲಿ, ಸಾಕು.”

ದೊರೆಸ್ವಾಮಿ ಚಾಕ್‌ಪೀಸಿನ ಡಬ್ಬಿ ಹಿಡಿದು ನಿಂತಿದ್ದರು. ಒಳಕೋಣೆಯ ಬಾಗಿಲ ಕಡೆ ನೋಡಿದರು. ಸಮರ್ಥ ಆಗಲೇ ಅಲ್ಲಿ ನಿಂತಿದ್ದ.

“ಹೇಳಪ್ಪಾ” ಎಂದರು ದೊರೆಸ್ವಾಮಿ. ಅವರ ಕಣ್ಣು ಮಗನ ಮುಖದ ಮೇಲಿರಲಿಲ್ಲ, ಅಂಗಿಯ ಗುಂಡಿಯ ಮೇಲಿತ್ತು.

“ನಾನು ಅವತ್ತು ಹೇಳಿದ್ದು ಸುಳ್ಳು ಆಂಟಿ” ಎಂದ ಸಮರ್ಥ. “ಆಗ ನಾನು ಕಾಲೇಜಿಗೇ ಹೋಗ್ತಿರಲಿಲ್ಲ. ಇಂಜಿನಿಯರಿಂಗ್ ಬಿಟ್ಟಿದೀನಿ. ಈಗ ಬಿ.ಎ. ಮೊದಲನೇ ವರ್ಷ.”

ಮುನಿಲಕ್ಷ್ಮಮ್ಮ ಅರ್ಥವಾಗದವರ ಹಾಗೆ ಅವನನ್ನೂ ಮೇಷ್ಟ್ರನ್ನೂ ನೋಡಿದರು. ಮೇಷ್ಟ್ರು ಅಲ್ಲಗಳೆಯಲಿಲ್ಲ.

“ಅವತ್ತೇ ಬೊಗಳೋಕೆ ಏನಾಗಿತ್ತು ನಿಂಗೆ?” ಎಂದು ಅವರು ಕೂಗಿದರು. “ನಿನ್ ಮಾತು ಕೇಳ್ಕಂಡು ನನ್ ಮಗಳನ್ನ ಮೂರು ತಿಂಗಳು ಅಳ್ಸಿದೀನಲ್ಲೋ! ಕೇಸರಿಬಾತು ತಿನ್ಸಿ ಸುಳ್ಳು ಹೇಳೋದಾ? ನಾಚ್ಕೆ ಆಗಲ್ವಾ?”

“ಆಗತ್ತೆ.”

“ಆಗತ್ತಂತೆ!” ಅವರು ಕೈ ಎತ್ತಿದವರು ಏನು ಮಾಡಬೇಕೆಂದು ತೋಚದೆ ಸೋಫಾದ ಮೇಲೆ ಕೂತುಬಿಟ್ಟರು. ಅಡುಗೆಮನೆಯಿಂದ ಅಜ್ಜಿ ಬಂದು ನೀರು ಕೊಟ್ಟರು. ಅವರು ಕುಡಿಯಲಿಲ್ಲ.

ರಂಜಿನಿ ಮೊದಲ ಸಲ ಬಾಯಿ ಬಿಟ್ಟಳು. “ಅಣ್ಣಾ, ಈಗ ಹೋಗ್ತೀರಾ? ಕ್ಲಾಸಿಗೆ?”

“ಹೋಗ್ತೀನಿ.”

“ಚೆನ್ನಾಗಿದೆಯಾ?”

“ಗೊತ್ತಿಲ್ಲ. ಹೋಗ್ತೀನಿ.”

ಅವಳು ತಲೆಯಾಡಿಸಿದಳು, ಅದು ತನಗೆ ಅರ್ಥವಾಗುವ ಉತ್ತರ ಎಂಬ ಹಾಗೆ.

“ನೀವ್ ಹೇಳಿ ಮೇಷ್ಟ್ರೇ” ಎಂದರು ಮುನಿಲಕ್ಷ್ಮಮ್ಮ. ದನಿ ಇಳಿದಿತ್ತು. “ಮಗನ ಕಥೆ ಅವನಿಗೇ ಇರ್ಲಿ. ಇಷ್ಟು ವರ್ಷ ಮಕ್ಕಳನ್ನ ನೋಡಿದೀರ. ಇವಳನ್ನ ನಾನು ಏನ್ ಮಾಡ್ಲಿ?”

ಅದು ದೊರೆಸ್ವಾಮಿಗೆ ಬಾಯಿಪಾಠವಾಗಿದ್ದ ಪ್ರಶ್ನೆ. ವರ್ಷಕ್ಕೆ ನಲವತ್ತು ಜನಕ್ಕೆ ಉತ್ತರ ಹೇಳುತ್ತಿದ್ದರು. ಈಗ ಅವರು ಚಾಕ್‌ಪೀಸಿನ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಕೈ ಒರೆಸಿಕೊಂಡು, ಎದುರಿನ ಕುರ್ಚಿಯಲ್ಲಿ ಕೂತರು.

“ನಂಗೊತ್ತಿಲ್ಲಮ್ಮಾ” ಎಂದರು. “ಅವಳನ್ನೇ ಕೇಳಿ.”

ಎಲ್ಲರೂ ರಂಜಿನಿಯ ಕಡೆ ತಿರುಗಿದರು. ಅವಳು ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. “ಹೇಳೇ” ಎಂದರು ತಾಯಿ. ಐದು ಗಂಟೆ ದಾಟಿ, ತಾರಸಿಯಲ್ಲಿ ಹುಡುಗರ ಗಲಾಟೆ ಏರುತ್ತಿತ್ತು, ಯಾರೋ ಬೆಂಚು ಬಡಿಯುತ್ತಿದ್ದರು. ದೊರೆಸ್ವಾಮಿ ಮೆಟ್ಟಿಲ ಕಡೆ ನೋಡಲಿಲ್ಲ.

“ನಿಧಾನಕ್ಕೆ ಹೇಳು ಮಗು” ಎಂದರು. “ನಾನು ಕೂತಿರ್ತೀನಿ.”